ಈ ಬದಿ ಹೊರಗೆ

ಏಪ್ರಿಲ್ 6

ಅಕ್ಕ,

ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿದ್ದೀಯ ಎಂದುಕೊಂಡು ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಜಗಳ ಒಂದು ವಾರವಾದರೂ ತಡವಾಗುತ್ತದೆ.

ಬೋರ್ಡ್ ಹೇಗಿದೆ? ನಿಮ್ಮ ಕಟ್ಟಡದ ಗೇಟಿನ ಪಕ್ಕ ಅದನ್ನು ನಿಲ್ಲಿಸಿ ಬಂದು ನಾಲ್ಕು ತಿಂಗಳಾಯಿತು. ಬಿಸಿಲಿಗೆ ಅಕ್ಷರ ಮಾಸಿದೆಯಾ, ಗಾಳಿಗೆ ಪಟ್ಟಿಗಳು ಕಟಕಟ ಎನ್ನುತ್ತವೆಯಾ, ಚೌಕಟ್ಟಿನೊಳಗೆ ನೀರು ನಿಲ್ಲುತ್ತದೆಯಾ, ಇಷ್ಟು ನೋಡಿ ಬರೆ. ಅಂಗಡಿಗಳಿರುವ ಕಟ್ಟಡಗಳಿಗೆ ನಾನು ಹತ್ತಾರು ಬೋರ್ಡ್ ಮಾಡಿದ್ದೇನೆ, ಆದರೆ ಇದರಷ್ಟು ತಲೆ ಓಡಿಸಿದ್ದು ಬೇರೆ ಯಾವುದಕ್ಕೂ ಇಲ್ಲ. ಇಪ್ಪತ್ತೆರಡು ಪಟ್ಟಿ, ಒಂದೊಂದೂ ಒಬ್ಬೊಬ್ಬ ಬಾಡಿಗೆದಾರರದು. ಪಕ್ಕದ ಮುಚ್ಚಳಕ್ಕೆ ಒಂದೇ ಒಂದು ಸ್ಕ್ರೂ. ಅದನ್ನು ಬಿಚ್ಚಿದರೆ ಬೇಕಾದ ಪಟ್ಟಿ ಡ್ರಾಯರಿನ ಹಾಗೆ ಜಾರಿ ಕೈಗೆ ಬರುತ್ತದೆ. ಪಟ್ಟಿಗೆ ಎರಡು ಮುಖ. ಬಾಡಿಗೆದಾರ ಬದಲಾದರೆ ಹಿಂದಿನ ಮುಖಕ್ಕೆ ಹೊಸ ಹೆಸರು ಅಂಟಿಸಿ, ತಿರುಗಿಸಿ ತೂರಿಸಿದರೆ ಮುಗಿಯಿತು. ಅಪ್ಪ ಏಣಿ ಹತ್ತಿ ಹಳೇ ಹೆಸರು ಕೆರೆದು, ಬಣ್ಣ ಬಳಿದು, ಒಣಗಲು ಕಾದು ಮೂರು ದಿನ ಮಾಡುತ್ತಿದ್ದ ಕೆಲಸ ಈಗ ನಲವತ್ತು ಸೆಕೆಂಡ್.

ನನ್ನ ಹೆಸರು ಹೇಳಿ ಆ ಓನರಿಗೆ ಶಿಫಾರಸು ಮಾಡಿದವಳು ನೀನು. ಅವರಿಗೆ ಇನ್ನೂ ಆರು ಕಟ್ಟಡಗಳಿವೆಯಂತೆ. ಬಾಯಿ ಬಿಟ್ಟು ಏನೂ ಹೇಳಿಲ್ಲ, ಆದರೆ ಅವರು ಬೋರ್ಡನ್ನು ನೋಡಿದ ರೀತಿಗೆ ನನಗೆ ಆಸೆ ಹುಟ್ಟಿದೆ.

ನಿನ್ನ ತಮ್ಮ


ಏಪ್ರಿಲ್ 19

ಸ್ಕೇಲಪ್ಪನವರಿಗೆ,

ನಿನ್ನ ಬೋರ್ಡ್ ನೋಡಲು ನನ್ನನ್ನು ನೆತ್ತಿ ಸುಡುವ ಬಿಸಿಲಲ್ಲಿ ನಿಲ್ಲಿಸಿದೆಯಲ್ಲ, ಒಳ್ಳೆಯ ತಮ್ಮ ಕಣೋ. ನೋಡಿದೆ. ಅಕ್ಷರ ಮಾಸಿಲ್ಲ. ಪಟ್ಟಿಗಳು ಕಟಕಟ ಎನ್ನುವುದಿಲ್ಲ. ನೀರು ನಿಲ್ಲುತ್ತದೋ ಇಲ್ಲವೋ ಮಳೆ ಬಂದಾಗ ಹೇಳುತ್ತೇನೆ. ಸಮಾಧಾನವಾಯಿತಾ?

ಹೊಗಳಲೇಬೇಕು ಎಂದರೆ ಒಂದು ಮಾತು ಹೇಳುತ್ತೇನೆ. ನನ್ನ ಪಟ್ಟಿ ಕೆಳಗಿನಿಂದ ಎರಡನೆಯದು, ‘ಕಾಲಿನ ಅಳತೆಗೆ ಪಾದರಕ್ಷೆ, ಹಿಂಬದಿ ಕೋಣೆ’. ಅದು ಬಂದ ಮೇಲೆ ಜನ ಯಾರನ್ನೂ ಕೇಳದೆ ನನ್ನ ಹತ್ತಿರ ಬರುತ್ತಿದ್ದಾರೆ. ನಿನಗೇ ಗೊತ್ತಲ್ಲ, ರಸ್ತೆಯಿಂದ ನೋಡಿದರೆ ನನ್ನ ಅಂಗಡಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಹನ್ನೆರಡು ಮೆಟ್ಟಿಲಿಳಿದು, ಓಣಿ ದಾಟಿ ಬರಬೇಕು. ಬರುವವರೆಲ್ಲ ಕಾಲಿನ ತೊಂದರೆಯವರು! ಕುಂಟುವವರಿಗೆ ಚಪ್ಪಲಿ ಹೊಲಿಯುವವಳು ಹನ್ನೆರಡು ಮೆಟ್ಟಿಲ ಕೆಳಗೆ ಕೂತಿದ್ದಾಳೆ ಎಂದು ಲೆಕ್ಕದ ಟೀಚರಮ್ಮ ಪ್ರತಿ ವರ್ಷ ನಗುತ್ತಾರೆ. ಅವರ ಎಡಗಾಲು ಒಂದೂವರೆ ಇಂಚು ಗಿಡ್ಡ. ದೂರದ ಊರಿನಿಂದ ಜುಲೈ ಮೊದಲ ವಾರಕ್ಕೆ ಬರುತ್ತಾರೆ, ಒಂದು ಜೊತೆ ಮಾಡಿಸಿಕೊಂಡು ಹೋಗುತ್ತಾರೆ, ಅದನ್ನೇ ವರ್ಷವಿಡೀ ಸವೆಸುತ್ತಾರೆ. ಹೋದ ಸಲ ನಾನು ಇನ್ನೂ ಇಲ್ಲೇ ಇದ್ದೇನಾ ಎಂದು ಕೇಳಲು ಗೇಟಿನ ತಾತ ಸಿಗದೆ ಮೇಲೆಯೇ ಅರ್ಧ ಗಂಟೆ ನಿಂತಿದ್ದರಂತೆ. ಈ ಸಲ ಆ ಪಾಡಿಲ್ಲ.

ಇನ್ನೊಂದು ಸುದ್ದಿ. ಓನರು ನನಗೆ ರಸ್ತೆ ಕಡೆಯ ಕೋಣೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಮುಂದಿನ ಔಷಧದ ಅಂಗಡಿಯವರಿಗೆ ಸರಕು ಇಡಲು ನನ್ನ ಕೋಣೆ ಬೇಕಂತೆ, ಅದಲು ಬದಲು ಮಾಡೋಣ ಅಂತ. ಮುಂದೆ ಮೆಟ್ಟಿಲೇ ಇಲ್ಲ. ನೋಡೋಣ. ನನ್ನ ಕರಾರು ಬರುವ ಮಾರ್ಚಿನವರೆಗೂ ಇದೆ, ಅವಸರವಿಲ್ಲ.

ಅಕ್ಕ


ಮೇ 26

ಅಕ್ಕ,

ಭಲೇ! ನೀನು ಬಾಯಿ ಬಿಡದಿದ್ದರೂ ಸುದ್ದಿ ನನಗೆ ಮುಟ್ಟಿತು. ಮುಂದಿನ ಕೋಣೆಗೆ ಹೋಗುತ್ತಿದ್ದೀಯ. ಮೊನ್ನೆ ಓನರಿಂದ ಕೆಲಸ ಬಂದಾಗ ತಿಳಿಯಿತು. ಹನ್ನೆರಡು ಮೆಟ್ಟಿಲು ತಪ್ಪಿತಲ್ಲ, ಟೀಚರಮ್ಮ ಇನ್ನು ಯಾವುದಕ್ಕೆ ನಗುತ್ತಾರೋ ಕೇಳು.

ಹೊಸ ಜಾಗಕ್ಕೆ ನಿನಗೊಂದು ಪಟ್ಟಿ ಮಾಡುತ್ತಿದ್ದೇನೆ. ಯಾರೂ ಹೇಳಿ ಮಾಡಿಸಿದ್ದಲ್ಲ, ನನ್ನ ಖುಷಿಗೆ. ಅಕ್ಷರ ಒಂದು ಸುತ್ತು ದೊಡ್ಡದು. ಯಾವಾಗ ಕಳಿಸಲಿ ಬರೆ.

ಇನ್ನೊಂದು. ಆ ಆರು ಕಟ್ಟಡಗಳ ಕೆಲಸ ನನಗೇ! ಕಾಗದದಲ್ಲೇ ಬರೆದು ಕಳಿಸಿದ್ದಾರೆ. ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು.

ನಿನ್ನ ತಮ್ಮ


ಜೂನ್ 9

ತಮ್ಮಾ,

ಕಾಗದ ಬಂತು. ಬೋರ್ಡ್ ಚೆನ್ನಾಗಿದೆ. ಮಳೆ ಬಂತು, ನೀರು ನಿಲ್ಲಲಿಲ್ಲ.

ಕೋಣೆಯ ವಿಷಯ ಆಮೇಲೆ ನೋಡೋಣ. ಪಟ್ಟಿ ಈಗ ಕಳಿಸಬೇಡ.

ಕೆಲಸ ಸ್ವಲ್ಪ ಕಡಿಮೆ. ಈ ತಿಂಗಳು ಇಬ್ಬರೇ ಬಂದಿದ್ದು, ಇಬ್ಬರೂ ಹಳಬರು. ಕೂತು ಗಿರಾಕಿಗಳ ಕಾಲಿನ ಹಳೆಯ ಮರದ ಅಚ್ಚುಗಳನ್ನೆಲ್ಲ ಒರೆಸಿಟ್ಟೆ.

ಸುಮ್ಮನೆ ಕೇಳುತ್ತಿದ್ದೇನೆ, ಆ ಮುಚ್ಚಳದ ಸ್ಕ್ರೂ ಯಾರು ಬೇಕಾದರೂ ಬಿಚ್ಚಬಹುದಾ? ಅದಕ್ಕೇ ಬೇರೆ ಕೀಲಿ ಇದೆಯಂತಲ್ಲ, ಎಷ್ಟಿವೆ, ಯಾರ ಹತ್ತಿರ?

ಅಕ್ಕ


ಜೂನ್ 20

ಅಕ್ಕ,

ಇಷ್ಟು ಸಪ್ಪೆ ಕಾಗದ ನೀನು ಬರೆದದ್ದು ನೋಡಿದ್ದೇ ಇಲ್ಲ. ಜ್ವರವೇನಾದರೂ ಬಂದಿತ್ತಾ? ಬಯ್ಗುಳ ಒಂದೂ ಇರಲಿಲ್ಲ.

ಕೀಲಿ ಕೇಳಿದ್ದು ಒಳ್ಳೆಯದಾಯಿತು. ಪಟ್ಟಿ ಕದಿಯುವವರ ಭಯ ತಾನೇ? ಹೆದರಬೇಡ. ಆ ಸ್ಕ್ರೂವಿನ ತಲೆಯನ್ನು ನಾನೇ ಮೂರು ಮೂಲೆಯಾಗಿ ಕೊರೆದಿದ್ದೇನೆ. ಬಜಾರಿನ ಯಾವ ಸ್ಕ್ರೂ ಡ್ರೈವರೂ ಅದಕ್ಕೆ ಕೂರುವುದಿಲ್ಲ. ಲೋಕದಲ್ಲಿರುವುದು ಎರಡೇ ಕೀಲಿ. ಒಂದು ಓನರ ಹತ್ತಿರ, ಇನ್ನೊಂದು ನನ್ನ ಮೇಜಿನ ಡ್ರಾಯರಿನಲ್ಲಿ. ಎರಡನೆಯದನ್ನು ಯಾರಿಗೂ ಕೊಡುವುದಿಲ್ಲ ಎಂದು ಬರೆದು ಸಹಿ ಹಾಕಿದ್ದೇನೆ. ಸ್ಕ್ರೂ ಕೆಟ್ಟರೂ ನನ್ನ ಹತ್ತಿರವೇ ಬರಬೇಕು. ಓನರು ಹೇಳದೆ ಆ ಬೋರ್ಡಿನ ಒಂದಕ್ಷರ ಅಲ್ಲಾಡುವುದಿಲ್ಲ, ಗೊತ್ತಾಯಿತಾ? ನೆಮ್ಮದಿಯಾಗಿರು.

ಆರು ಕಟ್ಟಡಗಳ ಚೌಕಟ್ಟಿಗೆ ಸಾಮಾನು ತರಿಸುತ್ತಿದ್ದೇನೆ. ಉಸಿರಾಡಲೂ ಪುರುಸೊತ್ತಿಲ್ಲ. ಕೋಣೆ ಯಾವಾಗ ಬದಲಾಯಿಸುತ್ತೀಯ, ಅದಕ್ಕೆ ಮಾತ್ರ ಉತ್ತರವೇ ಬರೆದಿಲ್ಲ ನೀನು.

ನಿನ್ನ ತಮ್ಮ


ಜುಲೈ 15

ತಮ್ಮಾ,

ಬಯ್ಗುಳ ಇರಲಿಲ್ಲ ಅಂದೆಯಲ್ಲ. ಈಗ ತಗೋ.

ನಾನು ಯಾವ ಕೋಣೆಗೂ ಹೋಗಿಲ್ಲ. ಹೋಗುವುದೂ ಇಲ್ಲ. ಮುಂದಿನ ಕೋಣೆ ಕೊಡುತ್ತೇನೆ ಎಂದಿದ್ದು ನನ್ನನ್ನು ಒಪ್ಪಿಸಲು ಹಾಕಿದ ಬೆಲ್ಲ. ಮೇ ಮೊದಲ ವಾರ ಓನರು ಬಂದು, “ಮುಂದಿನ ಕೋಣೆ ಆಗಲ್ಲಮ್ಮ, ನೀವು ಹಿಂದಿನದು ಬಿಟ್ಟುಕೊಡಿ ಸಾಕು” ಅಂದರು. “ಮಾರ್ಚ್‌ವರೆಗೂ ಕರಾರಿದೆ, ಬಿಡಲ್ಲ” ಅಂದೆ. ನಕ್ಕರು. “ನಿಮ್ಮಿಷ್ಟ” ಅಂದರು. ಮಾರನೆಯ ದಿನ ಬೋರ್ಡಿನಲ್ಲಿ ನನ್ನ ಪಟ್ಟಿ ಇರಲಿಲ್ಲ. ಕೇಳಿದರೆ, “ಅಕ್ಷರ ಮಾಸಿದೆ, ನಿಮ್ಮ ತಮ್ಮನ ಹತ್ರಾನೇ ರಿಪೇರಿಗೆ ಕಳಿಸಿದ್ದೀನಿ” ಅಂದರು. ನಾನು ಪೆದ್ದಿ, ನಂಬಿದೆ. ತಮ್ಮನ ಹತ್ತಿರ ಹೋಗಿದೆಯಲ್ಲ, ಇನ್ನೇನು ಚಿಂತೆ ಎಂದುಕೊಂಡೆ.

ಮೇ 21ರ ಬೆಳಗ್ಗೆ ಗೇಟಿನ ತಾತ ಒಂದು ಉದ್ದನೆಯ ಪಾರ್ಸೆಲ್ ತಂದು, “ಓನರಿಲ್ಲ, ನಿಮ್ಮ ಹತ್ರ ಇರ್ಲಿ ತಾಯಿ” ಎಂದು ಇಟ್ಟುಹೋದ. ಮೇಲೆ ನಿನ್ನ ಕೈಬರಹ. ಖುಷಿಯಾಗಿ ಬಿಚ್ಚಿದೆ. ‘ಔಷಧ ಅಂಗಡಿ, ಸರಕು ಕೋಣೆ, ಹಿಂಬದಿ’. ಅದರ ಮೇಲೆ ಚೀಟಿ ಅಂಟಿಸಿ ಬರೆದಿದ್ದೀಯ, ‘ಈ ಬದಿ ಹೊರಗೆ’. ತಿರುಗಿಸಿ ನೋಡಿದರೆ ಇನ್ನೊಂದು ಬದಿಯಲ್ಲಿ ನಾನಿದ್ದೆ. ನನ್ನ ಹೆಸರು ಗೋಡೆ ಕಡೆಗೆ, ಸರಕಿನ ಹೆಸರು ಜನರ ಕಡೆಗೆ. ಲೋಕದಲ್ಲಿ ಯಾರಾದರೂ ಉಗ್ರಾಣಕ್ಕೆ ಬೋರ್ಡ್ ಹಾಕುತ್ತಾರೇನೋ? ಅದು ಯಾರಾದರೂ ಓದಲಿ ಅಂತ ಹಾಕಿದ್ದಲ್ಲ, ನನ್ನನ್ನು ಯಾರೂ ಓದಬಾರದು ಅಂತ ಹಾಕಿದ್ದು.

ಮತ್ತೆ ಕಟ್ಟಿ ತಾತನ ಕೈಗೆ ಕೊಟ್ಟೆ. ನನ್ನ ಕೈಯಾರೆ. ಐದು ದಿನಕ್ಕೆ ನೀನು ಬರೆದ ಕಾಗದದಲ್ಲಿ ‘ಭಲೇ’ ಎಂದಿತ್ತು. ನಿನಗೆ ಗೊತ್ತಿಲ್ಲದೆ ಬರೆದೆಯೋ, ಗೊತ್ತಿದ್ದೂ ನನ್ನನ್ನು ಆಡಿಸಲು ಬರೆದೆಯೋ ತಿಳಿಯಲಿಲ್ಲ. ಕೇಳಲು ಬಾಯಿ ಬರಲಿಲ್ಲ. ಅದಕ್ಕೇ ಕೀಲಿಯ ವಿಷಯ ಕೇಳಿದೆ. ಓನರು ಹೇಳದೆ ಒಂದಕ್ಷರ ಅಲ್ಲಾಡುವುದಿಲ್ಲ ಎಂದು ಹೆಮ್ಮೆಯಿಂದ ಬರೆದೆಯಲ್ಲ, ಅಂದು ನಾನು ಊಟ ಮಾಡಲಿಲ್ಲ ಕಣೋ.

ಗೇಟಿಗೆ ಒಂದು ಕಾಗದದಲ್ಲಿ ಬರೆದು ಅಂಟಿಸಿದೆ. ಹರಿದರು. ಇನ್ನೊಂದು ಅಂಟಿಸಿದೆ. ಅದನ್ನೂ ಹರಿದರು. ಒಳಗೆ ನಾನಿದ್ದೇನೆ, ಹೊರಗೆ ನಾನಿಲ್ಲ. ಬಂದವರು ಬೋರ್ಡ್ ಓದುತ್ತಾರೆ, ಹೊರಟುಹೋಗುತ್ತಾರೆ. ಹೀಗೇ ನಡೆದರೆ ಮಾರ್ಚಿನವರೆಗೆ ನನ್ನನ್ನು ಯಾರೂ ಓಡಿಸಬೇಕಾಗಿಲ್ಲ, ಅಂಗಡಿ ತಾನಾಗಿಯೇ ಮುಚ್ಚುತ್ತದೆ.

ಅಪ್ಪ ಮೂರು ದಿನ ಏಣಿ ಮೇಲಿರುತ್ತಿದ್ದರಲ್ಲ, ನಿನಗದು ತಡ ಎನಿಸುತ್ತಿತ್ತು. ಅಪ್ಪ ಒಂದು ಹೆಸರು ಕೆರೆಯಲು ಶುರು ಮಾಡಿದರೆ ಬೀದಿಯೆಲ್ಲ ಕತ್ತೆತ್ತಿ, “ಯಾಕೆ, ಅವರೆಲ್ಲಿ ಹೋದ್ರು?” ಅಂತ ಕೇಳುತ್ತಿತ್ತು. ಸಂಬಂಧಪಟ್ಟವರು ಓಡಿ ಬಂದು ಏಣಿ ಹಿಡಿದು ನಿಲ್ಲಿಸುವಷ್ಟು ಪುರುಸೊತ್ತಿತ್ತು. ನಿನ್ನ ನಲವತ್ತು ಸೆಕೆಂಡಿನಲ್ಲಿ ಯಾರು ಯಾರನ್ನು ಕೇಳಬೇಕು?

ಈಗ ನಿಜವಾಗಿ ಬರೆಯಬೇಕಾದದ್ದು. ಜುಲೈ 5ಕ್ಕೆ ಲೆಕ್ಕದ ಟೀಚರಮ್ಮ ಬಂದಿದ್ದರು. ಬೋರ್ಡ್ ಓದಿದರು. ಬರೆದದ್ದನ್ನು ನಂಬುವ ಹೆಂಗಸು. ಔಷಧದ ಅಂಗಡಿಯಲ್ಲಿ ವಿಚಾರಿಸಿದರೆ, “ಅವ್ರು ಖಾಲಿ ಮಾಡಿದ್ರು” ಅಂದರಂತೆ. ಹನ್ನೆರಡು ಮೆಟ್ಟಿಲು ಇಳಿದು ಹತ್ತುವುದು ಯಾಕೆ ಎಂದುಕೊಂಡು ಹಾಗೇ ತಿರುಗಿದರು. ಹೋದ ವರ್ಷದ ಚಪ್ಪಲಿಯ ಎತ್ತರ ಸವೆದು ಒಂದು ಕಡೆಗೆ ವಾಲಿತ್ತು. ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಸ್ಪತ್ರೆಯಿಂದ ಅವರ ತಂಗಿ ಹೇಳಿಕಳಿಸಿದಾಗಲೇ ನನಗೆ ತಿಳಿದದ್ದು. ಅವರು ಬೋರ್ಡ್ ಓದುತ್ತಾ ನಿಂತಿದ್ದಾಗ ನಾನು ಹನ್ನೆರಡು ಮೆಟ್ಟಿಲ ಕೆಳಗೆ ಅವರದೇ ಅಚ್ಚಿಗೆ ಚರ್ಮ ಎಳೆಯುತ್ತಾ ಕೂತಿದ್ದೆ.

ನಿನ್ನ ಡ್ರಾಯರಿನಲ್ಲಿರುವ ಕೀಲಿ ಕಳಿಸು. ಬೇರೇನೂ ಬೇಡ.

ಅಕ್ಕ


ಆಗಸ್ಟ್ 3

ಹತ್ತೊಂಬತ್ತು ದಿನವಾಯಿತು. ಕೊಡುವುದಿಲ್ಲ ಎಂದಾದರೆ ಕೊಡುವುದಿಲ್ಲ ಎಂದು ಬರೆ. ಅಂಚೆಯವನನ್ನು ಕಂಡಾಗಲೆಲ್ಲ ಎದ್ದು ನಿಲ್ಲುವುದಾದರೂ ತಪ್ಪುತ್ತದೆ.


ಆಗಸ್ಟ್ 21

ಅಕ್ಕ,

ಏಳು ಕಾಗದ ಬರೆದು ಹರಿದೆ. ಎಲ್ಲದರಲ್ಲೂ ನನಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೆ. ಇದು ಎಂಟನೆಯದು.

ಮೇ 12ಕ್ಕೆ ನಿನ್ನ ಪಟ್ಟಿ ನನ್ನ ಮೇಜಿನ ಮೇಲೆ ಬಂತು. ಜೊತೆಗೆ ಓನರ ಚೀಟಿ, ‘ಹಿಂದಿನ ಕೋಣೆಯವರು ಖಾಲಿ ಮಾಡುತ್ತಿದ್ದಾರೆ, ಹಿಂಬದಿಗೆ ಈ ಹೆಸರು ಹಾಕಿಕೊಡಿ’. ಅಷ್ಟೇ. ನೀನು ಮುಂದಿನ ಕೋಣೆಗೆ ಹೋಗುತ್ತೀಯ ಎಂದು ಅವರು ಎಲ್ಲೂ ಬರೆದಿರಲಿಲ್ಲ. ಅದು ನಾನು ಸೇರಿಸಿಕೊಂಡದ್ದು. ನಿನ್ನ ಏಪ್ರಿಲ್ ಕಾಗದ ತೆಗೆದು ಮತ್ತೆ ಓದಿದೆ, ‘ಅದಲು ಬದಲು’ ಎಂಬ ಮಾತಿಗೆ ಜೋತುಬಿದ್ದೆ. ಅದೇ ಕಾಗದದಲ್ಲಿ, ಅವಸರವಿಲ್ಲ, ಮಾರ್ಚಿನವರೆಗೂ ಕರಾರಿದೆ ಎಂದೂ ಇತ್ತು. ಆ ಸಾಲು ಓದಿಯೂ ದಾಟಿಬಿಟ್ಟೆ.

ಯಾಕೆ ಎಂದು ಕೇಳುತ್ತೀಯ. ಆ ಚೀಟಿ ಬಂದ ಲಕೋಟೆಯಲ್ಲೇ ಆರು ಕಟ್ಟಡಗಳ ಕೆಲಸದ ಕಾಗದವೂ ಇತ್ತು. ಒಂದು ಗಂಟೆ ಎರಡನ್ನೂ ಮುಂದಿಟ್ಟುಕೊಂಡು ಕೂತಿದ್ದೆ. ಫೋನ್ ಕೈಯಳತೆಯಲ್ಲೇ ಇತ್ತು. ನಿನ್ನನ್ನು ಕೇಳಿದರೆ ನೀನು ‘ಇಲ್ಲ’ ಎನ್ನುತ್ತೀಯ ಎಂಬ ಭಯ ನನಗೆ. ಕೇಳದಿದ್ದರೆ ನಾನು ಅಂದುಕೊಂಡದ್ದು ಸುಳ್ಳಾಗುವುದಿಲ್ಲವಲ್ಲ. ಆಮೇಲೆ ‘ಭಲೇ’ ಎಂದು ಬರೆದು ನನ್ನ ಮನಸ್ಸನ್ನು ನಾನೇ ಒಪ್ಪಿಸಿದೆ. ನಿನ್ನ ಸಪ್ಪೆ ಕಾಗದ ಬಂದಾಗಲೇ ಅನುಮಾನ ಬಂದಿತ್ತು. ಜ್ವರವಾ ಎಂದು ಕೇಳಿದೆ. ಕೇಳಬೇಕಾದದ್ದು ಅದಾಗಿರಲಿಲ್ಲ.

ಹಳೆಯ ಹೆಸರನ್ನು ಕೆರೆದು ಕಳಿಸುವುದು ನನ್ನ ಪದ್ಧತಿ. ನಿನ್ನದನ್ನು ಕೆರೆಯಲಿಲ್ಲ. ಬ್ಲೇಡ್ ಹಿಡಿದೆ, ಕೈ ಬರಲಿಲ್ಲ. ಅಂದರೆ ನನಗೆ ಗೊತ್ತಿತ್ತು ಅಕ್ಕ.

ಟೀಚರಮ್ಮನಿಗೆ ಏನು ಹೇಳಬೇಕೋ ತಿಳಿಯದು. ಅವರು ಬಿದ್ದದ್ದರಲ್ಲಿ ನನ್ನ ಕೈಯೂ ಇದೆ. ಕ್ಷಮಿಸು ಎಂದು ನಿನ್ನನ್ನು ಕೇಳಲೂ ನನಗೆ ಮುಖವಿಲ್ಲ.

ಕೀಲಿ ಈ ಕಾಗದದೊಳಗಿದೆ. ಕೊಟ್ಟ ಮಾತು ಮುರಿದೆ ಎಂದು ಓನರಿಗೂ ಇವತ್ತೇ ಬರೆದು ಹಾಕಿದ್ದೇನೆ, ಕದ್ದು ಕೊಟ್ಟ ಹಾಗಾಗಬಾರದು. ಇನ್ನೂ ಒಂದು ಬರೆದೆ. ಆರು ಕಟ್ಟಡಗಳ ಬೋರ್ಡಿಗೆ ಪಟ್ಟಿಗೊಂದು ಬೀಗ, ಅದರ ಕೀಲಿ ಆಯಾ ಬಾಡಿಗೆದಾರರ ಕೈಯಲ್ಲಿ, ಹಾಗಾದರೆ ಮಾತ್ರ ಮಾಡುತ್ತೇನೆ ಎಂದು. ಉತ್ತರ ಬರುವುದಿಲ್ಲ. ತರಿಸಿದ ಸಾಮಾನು ಮೂಲೆಯಲ್ಲಿ ಬಿದ್ದಿದೆ, ಬಿದ್ದಿರಲಿ.

ನಿನಗೆಂದು ಮಾಡಿದ ದೊಡ್ಡಕ್ಷರದ ಪಟ್ಟಿಯೂ ಇಲ್ಲೇ ಇದೆ. ಅದಕ್ಕೊಂದು ಜಾಗವೇ ಇಲ್ಲ ಎಂದು ಗೊತ್ತಿದ್ದೇ ಮಾಡಿದೆ.

ತಮ್ಮ


ಸೆಪ್ಟೆಂಬರ್ 10

ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಉರಿದುಬಿದ್ದೆ. ಈಗಲೂ ಪೂರ್ತಿ ಆರಿಲ್ಲ. ಗೊತ್ತಿರಲಿಲ್ಲ ಎಂದು ಬರೆದಿದ್ದರೆ ನಂಬಿಬಿಡುತ್ತಿದ್ದೆ ಕಣೋ, ಅಷ್ಟು ನಂಬಬೇಕೆನಿಸಿತ್ತು. ಯಾಕೆ ಹರಿದೆ ಆ ಏಳನ್ನು? ಬೇಡ, ಹರಿದದ್ದೇ ಸರಿ.

ಕಳೆದ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಂಗಡಿಯ ಸ್ಟೂಲ್ ತೆಗೆದುಕೊಂಡು ಗೇಟಿಗೆ ಹೋದೆ. ಎಲ್ಲರೂ ಬರುವ ಹೊತ್ತಿಗೇ ಹೋದೆ, ಬೇಕೆಂದೇ. ಬೀದಿ ಕತ್ತೆತ್ತಿ ನೋಡಲಿ ಎಂದು. ಸ್ಟೂಲ್ ಅಲ್ಲಾಡುತ್ತಿತ್ತು. ಎರಡನೇ ಮಹಡಿಯ ವಕೀಲರು ಬಂದವರು ನಿಂತು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು. “ನಾನೇನೂ ನೋಡ್ಲಿಲ್ಲಮ್ಮ” ಅಂದರು. ಸ್ಕ್ರೂ ತಿರುಗಿತು. ಪಟ್ಟಿ ಜಾರಿ ಬಂತು. ನನ್ನ ಹೆಸರಿನ ಮೇಲೆ ನಾಲ್ಕು ತಿಂಗಳ ಧೂಳು ಕೂತಿತ್ತು, ಸೆರಗಿನಲ್ಲಿ ಒರೆಸಿ ಹೊರಕ್ಕೆ ತಿರುಗಿಸಿದೆ.

ಹನ್ನೊಂದಕ್ಕೆ ಓನರು ಬಂದರು. ಮುಖ ಊದಿಕೊಂಡಿತ್ತು.

“ಯಾರನ್ನ ಕೇಳಿ ಮುಟ್ಟಿದ್ರಿ?”

“ನನ್ನ ಹೆಸರು ಮುಟ್ಟೋಕೆ ಯಾರನ್ನ ಕೇಳ್ಬೇಕು ಸಾರ್?”

ಅಷ್ಟು ಹೇಳಿದೆನಾದರೂ ಒಳಗೆ ಬಂದು ಬಾಗಿಲ ಚಿಲಕ ಹಾಕಿಕೊಂಡೆ, ಸುಳ್ಳು ಯಾಕೆ ಹೇಳಲಿ. ಅವರು ತಮ್ಮ ಕೀಲಿ ತೆಗೆದು ಪಟ್ಟಿ ತಿರುಗಿಸಿ ಹೋದರು. ಮಂಗಳವಾರ ಒಂಬತ್ತಕ್ಕೆ ನಾನು ತಿರುಗಿಸಿದೆ. ಹನ್ನೊಂದಕ್ಕೆ ಅವರು ತಿರುಗಿಸಿದರು. ಬುಧವಾರವೂ ಹಾಗೇ, ಇವತ್ತಿಗೂ ಹಾಗೇ. ಸ್ಕ್ರೂ ಬದಲಾಯಿಸೋಣವೆಂದರೆ ಅವರು ನಿನ್ನನ್ನೇ ಕೇಳಬೇಕು, ನಿನಗೆ ಬರೆಯಲು ಅವರಿಗೆ ಅಭಿಮಾನ ಬಿಡುತ್ತಿಲ್ಲ. ಗೇಟಿನ ತಾತನಿಗೆ ನನ್ನನ್ನು ಕಾಯಲು ಹೇಳಿದ್ದಾರೆ. ತಾತ ನಿನ್ನೆ ಬಂದು, “ಒಂಬತ್ತಕ್ಕೆ ನಾನು ಟೀ ಕುಡಿಯೋಕೆ ಹೋಗ್ತೀನಿ ತಾಯಿ, ನಲವತ್ತು ಸೆಕೆಂಡ್ ಸಾಕಲ್ಲ?” ಅಂದ. ಸಾಕು ಅಂದೆ. ನಾನು ಎಣಿಸಿ ನೋಡಿದ್ದೇನೆ, ಈಗ ಮೂವತ್ತೈದಕ್ಕೇ ಮುಗಿಯುತ್ತದೆ. ಒಳ್ಳೆಯ ಕೆಲಸ ಮಾಡಿದ್ದೀಯ, ಹಾಳಾದವನೇ.

ಇದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಒಂದು ದಿನ ಪಟ್ಟಿಯನ್ನೇ ಕಿತ್ತು ಎಸೆದಾರು. ಅದಕ್ಕೇ ಆ ದೊಡ್ಡಕ್ಷರದ್ದನ್ನು ಕಳಿಸಿಬಿಡು, ಕಪಾಟಿನ ಹಿಂದೆ ಇರಲಿ. ಮಾರ್ಚ್ ಆದಮೇಲೆ ಎಲ್ಲಿರುತ್ತೇನೋ ಅದೂ ಗೊತ್ತಿಲ್ಲ. ವಕೀಲರು ಏನೋ ಕಾಗದ ಬರೆಯುತ್ತಿದ್ದಾರೆ, ನಂಬಿಕೆ ಕಡಿಮೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಹೋಗಬೇಕಾದದ್ದು ಮೊದಲೇ, ಧೈರ್ಯ ಬಂದಿರಲಿಲ್ಲ. ಟೀಚರಮ್ಮ ಅರ್ಧ ಆಗಿದ್ದಾರೆ. ಮೂಳೆ ಕೂಡಿದೆ, ಆದರೆ ಎಡಗಾಲು ಇನ್ನೂ ಅರ್ಧ ಇಂಚು ಗಿಡ್ಡವಾಗಿದೆ. ಜುಲೈನಲ್ಲಿ ನಾನು ಹೊಲಿದಿಟ್ಟ ಜೊತೆ ಇನ್ನು ಅವರಿಗೆ ಬರುವುದಿಲ್ಲ. ಮಂಚದ ಪಕ್ಕ ಕೂತು ಕಾಗದದ ಮೇಲೆ ಪಾದದ ಗೆರೆ ಎಳೆದುಕೊಂಡೆ. ಆಗ ಎಲ್ಲ ಹೇಳಿದೆ, ನಿನ್ನದನ್ನೂ ಸೇರಿಸಿ. ಟೀಚರಮ್ಮ ಕಾಗದದ ಗೆರೆಯನ್ನು ಬೆರಳಿನಿಂದ ಅಳೆದರು. “ಒಂದೂವರೆಗೆ ಅರ್ಧ ಸೇರಿದ್ರೆ ಎರಡು. ಲೆಕ್ಕ ಸುಲಭ ಆಯ್ತು ಬಿಡಿ” ಅಂದರು. ನಾನು ಅಲ್ಲೇ ಅತ್ತುಬಿಟ್ಟೆ.

ನಾನು ಹೊರಡುವಾಗ ನನ್ನ ಕೈ ಹಿಡಿದುಕೊಂಡು, “ಮುಂದಿನ ತಿಂಗ್ಳು ಕೋಲು ಹಿಡ್ಕೊಂಡು ನಾನೇ ಬರ್ತೀನಿ. ಆಗ ಬೋರ್ಡಲ್ಲಿ ಇರ್ತೀರಾ?” ಎಂದು ಕೇಳಿದರು.

“ಒಂಬತ್ತರಿಂದ ಹನ್ನೊಂದರವರೆಗೆ ಇರ್ತೀನಿ ಟೀಚರ್” ಅಂದೆ. “ಆ ಹೊತ್ತಿಗೇ ಬನ್ನಿ.”

ಅಕ್ಕ